ಮನೆಗೆ ಬಂದ ಮಂಚೂರಿ

ಶರಣ ಬಂಧುಗಳು ಈ ತಲೆಬರಹವನ್ನು ಕಂಡು ಹುಬ್ಬೇರಿಸಬಹುದು. ಮಠದ ಪ್ರಸಾದನಿಲಯದಲ್ಲಿ ಮುದ್ದೆ, ಬಸ್ಸಾರು, ಅನ್ನ, ಮಜ್ಜಿಗೆಗಳನ್ನುಂಡು ಬೆಳೆದು, ಆಯುಷ್ಯದ ಬಹುಭಾಗವನ್ನು ತಾಳೆಗರಿಗಳ ನಡುವೆ ಕಳೆದ ನಮಗೂ ಚೀನೀ ತಿನಿಸಿಗೂ ಎಲ್ಲಿಯ ನಂಟು? ಆ ನಂಟನ್ನು ಬೆಳೆಸಿದವಳು ನಮ್ಮ ಮೊಮ್ಮಗಳು.

2024ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಳಪಡಿಸಿದ 171 ಮಾದರಿಗಳಲ್ಲಿ ನೂರಕ್ಕೂ ಹೆಚ್ಚು ಮಾದರಿಗಳು ಅಸುರಕ್ಷಿತವೆಂದು ಕಂಡುಬಂದಿದ್ದವು. ಹುಣಸೂರಿನ ನಮ್ಮ ಮನೆಯಲ್ಲಿ ಪತ್ರಿಕೆಯ ಈ ಸುದ್ದಿಯನ್ನು ಗಟ್ಟಿಯಾಗಿ ಓದಿದವರು ನಾವೇ. ಶಾಲೆಯಿಂದ ಬರುವಾಗ ಗಾಡಿಯ ಮುಂದೆ ನಿಂತು ತಿಂದು, ಬೆರಳ ತುದಿಯ ಕೆಂಪನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದ ಮೊಮ್ಮಗಳಿಗೆ ಅಂದಿನಿಂದ ನಿರ್ಬಂಧವಾಯಿತು. ಆಕೆ ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಬಂದು ಕೇಳಿದಳು: "ತಾತ, ಅಂಗಡಿಯದು ಬೇಡ ಅಂದರೆ ಮನೆಯಲ್ಲೇ ಮಾಡೋಣ. ಮನೆಯದೂ ಬೇಡ ಅಂದರೆ ಯಾಕೆ ಅಂತ ಹೇಳಿ."

ವಾದಗೋಷ್ಠಿಗಳಲ್ಲಿ ಹಲವರನ್ನು ನಿರುತ್ತರಗೊಳಿಸಿದ್ದೇವೆಂಬ ಹೆಮ್ಮೆ ನಮಗಿತ್ತು. ಹನ್ನೆರಡು ವರ್ಷದ ಹುಡುಗಿ ಅದನ್ನು ಅರೆಗಳಿಗೆಯಲ್ಲಿ ಇಳಿಸಿದಳು.

ನಮ್ಮ ಮನೆಯವರ ಶಂಕೆ ಬೇರೆಯದು. ಲಿಂಗಾರ್ಪಿತವಾಗದುದನ್ನು ಮುಟ್ಟುವ ರೂಢಿ ನಮ್ಮಲ್ಲಿಲ್ಲ. ಆ ಕಪ್ಪು ಸೀಸೆಯಲ್ಲಿರುವುದು ಏನೆಂದು ತಿಳಿಯದೆ ಅರ್ಪಿಸುವುದು ಹೇಗೆ? ಸೊಸೆ ಸೀಸೆಯನ್ನು ತಂದು, ಅದರ ಮೇಲಿನ ಹಸಿರು ಗುರುತನ್ನು ತೋರಿಸಿದಳು. ನಾವು ಕನ್ನಡಕ ಏರಿಸಿ ಓದಿದೆವು: ಸೋಯಾ ಅವರೆ, ಗೋಧಿ, ಉಪ್ಪು. ಕಾಳನ್ನು ಹುದುಗಿಸಿ ಇಳಿಸಿದ ರಸವದು. ರಾತ್ರಿಯೆಲ್ಲ ಹಿಟ್ಟು ಹುದುಗಿಸಿ ಇಡ್ಲಿ ಬೇಯಿಸುವ ಮನೆಯಲ್ಲಿ ಅದಕ್ಕೆ ಬಹಿಷ್ಕಾರ ಹಾಕುವುದು ನಮಗೆ ನ್ಯಾಯವೆನಿಸಲಿಲ್ಲ.

ಮಿಕ್ಕ ಸಾಮಗ್ರಿಗಳಂತೂ ನಮ್ಮ ಸೀಮೆಯವೇ. ಕಾರ್ನ್‌ಫ್ಲೋರ್ ಎಂಬ ಬಿಳಿಯ ಹಿಟ್ಟು ಮುಸುಕಿನ ಜೋಳದ ಪಿಷ್ಟ. ಆ ಜೋಳವನ್ನು ಪಿರಿಯಾಪಟ್ಟಣದ ಹೊಲಗಳಲ್ಲಿ ಯಾರು ಕಂಡಿಲ್ಲ? ಶುಂಠಿ ಹೆಗ್ಗಡದೇವನಕೋಟೆಯ ಕಡೆ ಧಾರಾಳವಾಗಿ ಬೆಳೆಯುತ್ತದೆ. ಜೊತೆಗೆ ಹುರಿದನ್ನ ಮಾಡುವುದಾದರೆ ಕೃಷ್ಣರಾಜನಗರದ ನಾಲೆಯ ಬಯಲಿನ ಅಕ್ಕಿಯುಂಟು. ಇಷ್ಟಕ್ಕೂ ಮಂಚೂರಿಯಾ ಸೀಮೆಯವರಿಗೆ ಈ ಮಂಚೂರಿಯ ಪರಿಚಯವೇ ಇಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮುಂಬಯಿಯಲ್ಲಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳಿಗೆ ಗರಂ ಮಸಾಲೆಯ ಬದಲು ಸೋಯಾ ರಸವನ್ನು ಸೇರಿಸಿ ಇದನ್ನು ಕೋಳಿಮಾಂಸದಲ್ಲಿ ಮಾಡಿದರೆಂದು ಹೇಳುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದುದು ಸಸ್ಯಾಹಾರಿಗಳ ಪುಣ್ಯ.

ಭಾನುವಾರ ಅಡುಗೆ ನಡೆಯಿತು. ಹೂಕೋಸನ್ನು ಬಿಡಿಸುವ ಕಾಯಕ ನಮ್ಮ ಪಾಲಿಗೆ ಬಂತು. ಉಪ್ಪು, ಅರಿಸಿನ ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿದಾಗ ಎರಡು ಹಸಿರು ಹುಳುಗಳು ತೇಲಿಬಂದವು. ಗಾಡಿಯವರು ಇದನ್ನು ಮಾಡುವರೇ ಎಂದು ನಮ್ಮ ಮನೆಯವರು ಮೊಮ್ಮಗಳ ಮುಖ ನೋಡಿದರು. ಆಕೆ ಛಾವಣಿಯನ್ನು ನೋಡಿದಳು. ಮೈದಾ ಮತ್ತು ಜೋಳದ ಪಿಷ್ಟ ಸಮಭಾಗ, ಕೆಂಪಿಗೆ ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ. ಬಣ್ಣದ ಪುಡಿಯ ಪ್ರಸ್ತಾಪವೇ ಏಳಲಿಲ್ಲ. ಕರಿದ ಹೂಗಳನ್ನು, ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ, ದೊಣ್ಣೆಮೆಣಸಿನಕಾಯಿಗಳೊಡನೆ ದೊಡ್ಡ ಉರಿಯಲ್ಲಿ ಬಾಡಿಸಿ, ಒಂದು ಚಮಚ ಸೋಯಾ ರಸ ಬಿಟ್ಟರು. ಆ ರಸದಲ್ಲಿಯೇ ಬೇಕಾದಷ್ಟು ಉಪ್ಪಿರುವುದನ್ನು ಅರಿಯದೆ ನಮ್ಮ ಮನೆಯವರು ಕೈಯಳತೆಯಲ್ಲಿ ಮತ್ತೊಮ್ಮೆ ಉಪ್ಪು ಹಾಕಿದ್ದರು. ಅರ್ಪಿಸಿ ಬಾಯಿಗಿಟ್ಟಾಗ ಸಮುದ್ರವನ್ನೇ ಸವಿದಂತಾಯಿತು. ಪ್ರಸಾದವನ್ನು ಬಿಡುವಂತಿಲ್ಲ; ಅನ್ನ ಕಲಸಿಕೊಂಡು ಎಲ್ಲರೂ ಮುಗಿಸಿದೆವು.

ಊಟದ ನಡುವೆ ಮೊಮ್ಮಗಳು, "ಚೀನೀ ಅಡುಗೆ ಅಂದರೆ ತಾತನಿಗೆ ಮೊದಲಿಂದಲೂ ಆಗುವುದಿಲ್ಲ ಅಲ್ಲವೇ?" ಎಂದಳು. ನಮ್ಮ ತುತ್ತು ಕೈಯಲ್ಲಿಯೇ ಉಳಿಯಿತು.

ಆಗ ನಮಗೆ ಇಪ್ಪತ್ತೈದರ ಆಸುಪಾಸು. ಹಸ್ತಪ್ರತಿಯೊಂದನ್ನು ಅರಸಿ ಸೈಕಲ್ಲಿನಲ್ಲಿ ಹೋಗಿ, ಹುಣಸೂರಿಗೆ ಮರಳುವಾಗ ಗುರುಪುರದ ಬಳಿ ಮಳೆ ಹಿಡಿಯಿತು. 1972ರಲ್ಲಿ ಅಲ್ಲಿ ಟಿಬೆಟನ್ನರಿಗೆ ನೆಲೆ ಕಲ್ಪಿಸಲಾಗಿತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಅವರು ಬಂದುದು ಅದಕ್ಕೂ ಮೊದಲು, 1960ರ ವೇಳೆಗೆ. ನಡುವಯಸ್ಸಿನ ಟಿಬೆಟನ್ ಗೃಹಸ್ಥರೊಬ್ಬರು ನಮ್ಮನ್ನು ಒಳಗೆ ಕರೆದು, ಒಲೆಯ ಬಳಿ ಕೂರಿಸಿ, ಹಬೆಯಲ್ಲಿ ಬೆಂದ ಬಿಳಿಯ ಸುರುಳಿಗಳನ್ನೂ ಆಲೂಗಡ್ಡೆಯ ಪಲ್ಯವನ್ನೂ ತಟ್ಟೆಯಲ್ಲಿ ತಂದಿಟ್ಟರು. ಒಳಗೆ ಮಾಂಸವಿದ್ದೀತೆಂಬ ಅಳುಕು ನಮಗೆ. ಏನಿದೆಯೆಂದು ಕೇಳಬಹುದಿತ್ತು. ಕೇಳದೆ, ತಟ್ಟೆಯನ್ನು ಸರಿಸಿ, "ಚೀನೀ ಅಡುಗೆಯನ್ನು ನಾವು ಮುಟ್ಟುವುದಿಲ್ಲ" ಎಂದೆವು.

ಅವರು ಸಿಟ್ಟಾಗಲಿಲ್ಲ. "ಇದು ಚೀನಾದ್ದಲ್ಲ ಸ್ವಾಮಿ. ಚೀನಾದವರಿಂದ ಓಡಿ ಬಂದವರು ನಾವು" ಎಂದರು, ತಡವರಿಸುವ ಕನ್ನಡದಲ್ಲಿ. ಒಳಗಿದ್ದ ಮಕ್ಕಳನ್ನು ಕರೆದು ತಟ್ಟೆಯನ್ನು ಅವರಿಗೆ ಕೊಟ್ಟರು. ನಮಗೆ ಒಂದು ಲೋಟ ಬಿಸಿನೀರು ಕೊಟ್ಟರು, ಅದನ್ನು ಕುಡಿದೆವು. ಮಳೆ ನಿಂತ ಮೇಲೆ ನಮಸ್ಕಾರವನ್ನೂ ಸರಿಯಾಗಿ ಹೇಳದೆ ಹೊರಟುಬಂದೆವು. ಆ ಸುರುಳಿಯ ಹೆಸರು ತಿಂಗ್‌ಮೋ ಎಂದೂ, ಅದರಲ್ಲಿ ಇದ್ದುದು ಮೈದಾ, ನೀರು ಮತ್ತು ಹುದುಗು ಮಾತ್ರವೆಂದೂ ನಮಗೆ ತಿಳಿದುದು ಬಹುಕಾಲದ ಮೇಲೆ.

ಇದನ್ನು ನಾವು ಮನೆಯಲ್ಲಿ ಎಂದೂ ಹೇಳಿರಲಿಲ್ಲ. ಅಂದು ಉಪ್ಪಿನ ಮಂಚೂರಿಯ ಎದುರು ಕುಳಿತು ಹೇಳಿದೆವು. ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನಿದ್ದು, "ಬಂದವರ ಎದುರು ಯಾರಾದರೂ ನನ್ನ ತಟ್ಟೆ ಹೀಗೆ ಸರಿಸಿದ್ದರೆ?" ಎಂದಷ್ಟೇ ಕೇಳಿ ಎದ್ದರು.

ಮುಂದಿನ ಭಾನುವಾರ ಮೊಮ್ಮಗಳು ಇಡ್ಲಿ ಪಾತ್ರೆಯಲ್ಲಿ ತಿಂಗ್‌ಮೋ ಬೇಯಿಸಿದಳು. ಹಿಟ್ಟು ಸರಿಯಾಗಿ ಹುದುಗು ಬಂದಿರಲಿಲ್ಲ. ಸುರುಳಿಗಳು ಗಟ್ಟಿಯಾಗಿ, ಹಲ್ಲಿಗೆ ಅಂಟುತ್ತಿದ್ದವು. ಅರ್ಪಿಸಿ, ಆಲೂಗಡ್ಡೆ ಪಲ್ಯದೊಡನೆ ನಾವು ಮೂರು ತಿಂದೆವು.