ಎರೆ ಹಿಡಿಯುವ ಹೊತ್ತು

ಗಾಳ ಹಾಕುವುದೆಂದರೆ ಹೊಳೆದಂಡೆಯಲ್ಲಿ ಬೀಡಿ ಸೇದುತ್ತ ಕೂರುವ ಸೋಮಾರಿಗಳ ಕಸುಬು ಎಂದು ತಿಳಿದವರು ಎರೆ ಹಿಡಿಯುವುದನ್ನು ನೋಡಿರಲಿಕ್ಕಿಲ್ಲ. ಅವ್ಲು, ಬಾಳೆಮೀನಿನಂಥ ಬೇಟೆಗಾರ ಮೀನುಗಳು ಅನ್ನದ ಮುದ್ದೆ, ಹಿಟ್ಟಿನ ಉಂಡೆಗಳನ್ನೆಲ್ಲ ಮೂಸಿಯೂ ನೋಡುವುದಿಲ್ಲ. ಅವಕ್ಕೆ ಕಣ್ಣೆದುರು ಒದ್ದಾಡುವ ಜೀವ ಬೇಕು. ಹಾಗಾಗಿ ದೊಡ್ಡ ಮೀನಿಗೆ ಹೊರಟವನು ಮೊದಲು ಬೆರಳುದ್ದದ ಸಸಲು ಹಿಡಿಯಬೇಕು. ನನ್ನ ಚಿಕ್ಕಪ್ಪಯ್ಯನ ಮಟ್ಟಿಗೆ ಶಿಕಾರಿ ಅಂದರೆ ಅದೇ. ಆಮೇಲಿನ ಗಾಳ, ಬೆಂಡು, ಕಾಯುವುದು ಎಲ್ಲ ಬರೀ ಉಪಚಾರ.

ತೀರ್ಥಹಳ್ಳಿ ಸೀಮೆಯ ನಮ್ಮೂರಿನ ಹಳ್ಳ ಮಾಲತಿ ಹೊಳೆಗೆ ಸೇರುತ್ತದೆ, ಆಗುಂಬೆ ಕಡೆಯಿಂದ ಬರುವ ಮಾಲತಿ ತುಂಗೆಗೆ. ದಸರೆ ಕಳೆದು ನೀರು ತಿಳಿಯಾಗಿ, ತಳದ ಮರಳು ಕಾಣತೊಡಗಿತೆಂದರೆ ಚಿಕ್ಕಪ್ಪಯ್ಯನಿಗೆ ಮನೆಯಲ್ಲಿ ಕೂರಲಿಕ್ಕಾಗುತ್ತಿರಲಿಲ್ಲ. ಅವರ ಸಲಕರಣೆ ಒಂದು ಸೊಟ್ಟ ತಂಬಿಗೆ, ಒಂದು ತುಂಡು ಬಟ್ಟೆ, ಒಂದು ಹಿಡಿ ತೌಡು. ತೌಡನ್ನು ಅವ್ವನ ಕಣ್ಣು ತಪ್ಪಿಸಿ ಒಲೆಯ ಮೇಲೆ ಘಮ್ಮೆನ್ನುವಷ್ಟು ಹುರಿದು, ಅನ್ನ ಕಲಸಿ ಉಂಡೆ ಕಟ್ಟಿ ತಂಬಿಗೆಗೆ ಹಾಕುವರು. ಬಾಯಿಗೆ ಬಟ್ಟೆ ಬಿಗಿದು ನಡುವೆ ಹೆಬ್ಬೆರಳು ತೂರುವಷ್ಟು ತೂತು ಮಾಡುವರು. ಅದನ್ನು ಮೊಣಕಾಲುದ್ದದ ನೀರಿನಲ್ಲಿ, ಬಾಯಿ ಕೆಳಹರಿವಿನ ಕಡೆಗಿರುವಂತೆ ಮಲಗಿಸಬೇಕು. ವಾಸನೆ ನೀರಿನ ಜೊತೆ ಕೆಳಗೆ ಹೋಗುತ್ತದೆ, ಸಸಲು ಅದರ ಜಾಡು ಹಿಡಿದು ಮೇಲಕ್ಕೆ ಈಜಿ ಬರುತ್ತವೆ. ಒಳಗೆ ಹೊಕ್ಕವಕ್ಕೆ ಬಂದ ತೂತು ಮತ್ತೆ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂದು ಕೇಳಿದರೆ, "ಹೊಟ್ಟೆ ತುಂಬಿದ ಮೇಲೆ ಬಾಗಿಲು ಯಾರಿಗೆ ಕಾಣ್ತದೆ ಮಾರಾಯ" ಎನ್ನುವರು.

ಆತುರವಿದ್ದ ದಿನ ಪಾಣಿಪಂಚೆಯೇ ಬಲೆ. ನಾವಿಬ್ಬರು ಹುಡುಗರು ಅದರ ನಾಲ್ಕು ತುದಿ ಹಿಡಿದು ನೀರಿನಡಿಗೆ ಇಳಿಸಿ ನಿಲ್ಲುವುದು, ಚಿಕ್ಕಪ್ಪಯ್ಯ ದಂಡೆಯ ಹುಲ್ಲಿನ ಬುಡವನ್ನೆಲ್ಲ ಕಾಲಿನಿಂದ ಕಲಕುತ್ತ ಓಡಿಸಿಕೊಂಡು ಬರುವುದು. "ಎತ್ರಾ!" ಎಂದಾಗ ಎತ್ತಬೇಕು. ಒಂದು ಗಳಿಗೆ ಮೊದಲಾದರೂ ತಡವಾದರೂ ಪಂಚೆಯಲ್ಲಿ ಬರೀ ಎಲೆ, ಸಿಗಡಿ, ಬೈಗುಳ.

ಹಿಡಿದದ್ದೆಲ್ಲ ಎರೆಯಾಗುತ್ತಿರಲಿಲ್ಲ. ಪಕ್ಕೆಯಲ್ಲಿ ನೀಲಿ, ಹಳದಿ ಗೆರೆಯಿದ್ದವು ನೋಡಲು ಬಲು ಚಂದ, ಆದರೆ ಡಬ್ಬಿಯಿಂದ ಹಾರಿ ಹುಲ್ಲಿಗೆ ಬೀಳುವ ಪೈಕಿ. ಬಾಲದ ಬುಡದಲ್ಲಿ ಕಾಡಿಗೆಯ ಬೊಟ್ಟಿಟ್ಟಂತೆ ಕರಿ ಮಚ್ಚೆಯಿದ್ದವು ಗಟ್ಟಿ ಜೀವ, ಆಳದ ಗುಂಡಿಗೆ ಆಗುತ್ತಿದ್ದವು. ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಹೊತ್ತು ನೀರಿನ ಮೇಲ್ಮೈಗೇ ಅಂಟಿಕೊಂಡು ಈಜುವ ಇನ್ನೊಂದು ಜಾತಿಯಿತ್ತು. ಅವ್ಲಿಗೆ ಅದೇ ಸರಿ ಎಂಬುದು ಚಿಕ್ಕಪ್ಪಯ್ಯನ ಸಿದ್ಧಾಂತ. ಅವ್ಲು ಗಾಳಿ ನುಂಗಲು ಆಗಾಗ ಮೇಲೆ ಬರಲೇಬೇಕಾದ ಮೀನು, ಬಂದಾಗ ಮೊದಲು ಕಣ್ಣಿಗೆ ಬೀಳುವುದು ಈ ಚುಕ್ಕೆಯೇ ಎನ್ನುತ್ತಿದ್ದರು.

ಹಿಡಿಯುವುದಕ್ಕಿಂತ ಬದುಕಿಸಿಕೊಳ್ಳುವುದು ಕಷ್ಟ. ಡಾಲ್ಡಾ ಡಬ್ಬಿಗೆ ಹಳ್ಳದ ನೀರೇ ಆಗಬೇಕು, ಬಾವಿಯದು ಆಗದು. ಡಬ್ಬಿಯ ಮೇಲೆ ಕೆಸುವಿನ ಎಲೆ ಮುಚ್ಚಬೇಕು. ಒಣಗೈಯಲ್ಲಿ ಮುಟ್ಟಕೂಡದು, ಮೈಯ ಲೋಳೆ ಹೋದರೆ ಮೀನು ಹೋದ ಹಾಗೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದರೆ ಅರ್ಧ ನೀರು ಚೆಲ್ಲಿ ಹೊಸದು ತುಂಬಬೇಕು. "ಸತ್ತ ಎರೆ ಹಾಕಿ ಅವ್ಲು ಹಿಡೀತೀನಿ ಅನ್ನೋನು ಏಡಿ ಹಿಡಿಯೋದಕ್ಕೇ ಲಾಯಕ್ಕು." ಈ ಡಬ್ಬಿ ಹೊರುವ ಅಧಿಕಾರ ನನ್ನದಾಗಿತ್ತು. ಆಮೇಲೆ ನನಗೆ ಸಿಕ್ಕ ಯಾವ ಹುದ್ದೆಗೂ ಅಷ್ಟು ಗತ್ತಿರಲಿಲ್ಲ.

ಕೊನೆಗೆ ಬೆನ್ನಿನ ರೆಕ್ಕೆಯ ಬುಡದಲ್ಲಿ, ಮೂಳೆಗೆ ತಾಗದ ಹಾಗೆ ಗಾಳ ದಾಟಿಸಿದರೆ ಸಸಲು ಏನೂ ಆಗದಂತೆ ಈಜುತ್ತಿತ್ತು. ಇದು ಕ್ರೌರ್ಯವಲ್ಲವೇ ಎಂದು ಈಗ ಕೇಳುವವರಿದ್ದಾರೆ. ಕ್ರೌರ್ಯವೇ, ಸಂಶಯವಿಲ್ಲ. ಆದರೆ ಅದಕ್ಕೊಂದು ಗಡಿಯಿತ್ತು. ಕೆಂಪು ಮರಿಗಳ ಹಿಂಡು ಕಾಯುತ್ತಿರುವ ಕುಚ್ಚುಮೀನು ಹತ್ತಿರ ಸುಳಿದದ್ದನ್ನೆಲ್ಲ ಕಚ್ಚುತ್ತದೆ, ಆಗ ಅದನ್ನು ಹಿಡಿಯಲು ಜಾಣತನವೇ ಬೇಡ. ಚಿಕ್ಕಪ್ಪಯ್ಯ ಅಂಥ ಗುಂಡಿ ಕಂಡರೆ ಗಾಳ ಸುತ್ತಿಕೊಂಡು ಮುಂದೆ ಹೋಗುತ್ತಿದ್ದರು. ಉಪದೇಶವೇನೂ ಇರಲಿಲ್ಲ, ಆ ದಿನ ಸಿಟ್ಟಿನಲ್ಲೇ ಇರುತ್ತಿದ್ದರು.

ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷರವನು ಈ ದೇಶದ ಗಾಳಗಾರಿಕೆಯ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. 1873ರಲ್ಲಿ ಅದು ಅಚ್ಚಾದದ್ದು ಮಂಗಳೂರಿನಲ್ಲಿ. ಮರುವರ್ಷವೇ ಫ್ರಾನ್ಸಿಸ್ ಡೇ ಎಂಬ ಮೀನುಶಾಸ್ತ್ರಜ್ಞ ಆ ಸೀಮೆಯದೇ ಒಂದು ಮೀನಿಗೆ ಥಾಮಸನ ಹೆಸರಿಟ್ಟ. ಚಿಕ್ಕಪ್ಪಯ್ಯನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ಬರೆದವರೂ ಅಲ್ಲ, ಓದಿದವರೂ ಅಲ್ಲ. ಕಲೆಕ್ಟರನ ಹೆಸರು ಇನ್ನೂ ನೀರಿನಲ್ಲಿ ಈಜುತ್ತಿದೆ, ಇವರದು ರೇಷನ್ ಕಾರ್ಡಿನಿಂದಲೂ ಹೋಗಿ ಬಹಳ ವರ್ಷವಾಯಿತು.

ಸಸಲು ಹೋದದ್ದು ಅವರ ನಂತರ. ಹೊಳೆಗೆ ತೋಟೆ ಸಿಡಿಸುವವರು, ಬ್ಲೀಚಿಂಗ್ ಪುಡಿ ಸುರಿಯುವವರು, ಕರೆಂಟು ಬಿಡುವವರು ಇದ್ದೇ ಇದ್ದಾರೆ, ಅವರನ್ನು ಬೈಯುವುದು ಸುಲಭ. ಆದರೆ ನಮ್ಮ ಹಳ್ಳದ ಕತೆ ಮುಗಿದದ್ದು ಗದ್ದೆಗಳಲ್ಲಿ. ಮುಂಗಾರಿನ ಮೊದಲ ಕೆನ್ನೀರು ಬಂದಾಗ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಮೊಟ್ಟೆಯಿಡುತ್ತಿದ್ದವು. ದಾರಿಯಲ್ಲಿ ಕೂಣಿ ಇಟ್ಟು ಎಷ್ಟು ಹಿಡಿದರೂ ಉಳಿದವು ಸಾಕಾಗುತ್ತಿದ್ದವು. ಮರಿಗಳು ನಿಂತ ನೀರಿನಲ್ಲಿ, ಭತ್ತದ ಸಸಿಗಳ ನಡುವೆ ಬೆಳೆದು ಮಳೆ ಇಳಿಯುವಾಗ ಹಳ್ಳಕ್ಕೆ ಮರಳುತ್ತಿದ್ದವು. ಆಳು ಸಿಗದೆ, ಭತ್ತ ಗಿಟ್ಟದೆ ಬಯಲು ಪೂರ್ತಿ ಅಡಿಕೆ ತೋಟವಾಯಿತು. ಒಂದಿಷ್ಟು ಕಡೆ ಶುಂಠಿ ಬಂತು, ಅದರ ಬೆನ್ನಿಗೆ ಔಷಧಿಯ ಡ್ರಮ್ಮುಗಳು ಬಂದವು. ಏರಿ ಬರಲು ಮೀನಿಗೆ ಜಾಗವೇ ಇಲ್ಲ. ಫೆಬ್ರವರಿಗೆಲ್ಲ ಪಂಪ್‌ಸೆಟ್ಟುಗಳು ಹಳ್ಳದ ಗುಂಡಿಗಳನ್ನು ಖಾಲಿ ಮಾಡುವುದರಿಂದ ಇಳಿದು ಬದುಕಲೂ ಜಾಗವಿಲ್ಲ. ಇನ್ನು ಕೆರೆಗಳಲ್ಲಿ ಕಾಟ್ಲಾ, ರೋಹು ಸಾಕುವವರ ಲೆಕ್ಕದಲ್ಲಿ ಸಸಲು ಎಂದರೆ ಕಳೆ. ಮರಿ ಬಿಡುವ ಮುಂಚೆ ಹಿಪ್ಪೆ ಹಿಂಡಿ ಹಾಕಿ ಅವನ್ನು ನಿರ್ನಾಮ ಮಾಡಬೇಕೆಂದು ತಿಳಿದವರೇ ಹೇಳಿಕೊಡುತ್ತಾರೆ. ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ಜನ ಪುರಿ ಎಸೆದು ಕೈಮುಗಿಯುವ ದೊಡ್ಡ ಮೀನುಗಳಿವೆ, ಸಂತೋಷ. ಬೆರಳುದ್ದದ ಮೀನಿಗೆ ಯಾರೂ ದೇವಸ್ಥಾನ ಕಟ್ಟಿಲ್ಲ.

ನನ್ನ ತಮ್ಮನ ಮಗನಿಗೆ ಗಾಳದ ಹುಚ್ಚು ಹತ್ತಿದೆ. ರೀಲು, ರಾಡು, ಆನ್‌ಲೈನಿನಲ್ಲಿ ತರಿಸಿದ ರಬ್ಬರ್ ಮೀನು, ರಬ್ಬರ್ ಕಪ್ಪೆ. ಎಳೆದರೆ ಬಾಲ ನಿಜವಾದ್ದಕ್ಕಿಂತ ಚೆನ್ನಾಗಿ ಅಲ್ಲಾಡುತ್ತದೆ. ನೀರು ಬದಲಿಸುವ ತಾಪತ್ರಯವೂ ಇಲ್ಲ. ಅಂಗೈ ಮೇಲೆ ಒಂದನ್ನಿಟ್ಟು, "ಇದು ಯಾವ ಮೀನಿನ ಥರ ದೊಡ್ಡಪ್ಪಯ್ಯ?" ಎಂದು ಕೇಳಿದ. ಯಾವುದರ ಥರವೂ ಇರಲಿಲ್ಲ. ತೋರಿಸಿಯೇ ಬಿಡೋಣವೆಂದು ಈ ಸಲ ದೀಪಾವಳಿಗೆ ಊರಿಗೆ ಹೋದಾಗ ತೌಡು ಹುರಿದು, ಸ್ಟೀಲಿನ ಚೊಂಬಿಗೆ ಬಟ್ಟೆ ಬಿಗಿದು ಹಳ್ಳದಲ್ಲಿಟ್ಟೆವು. ನೀರಿನ ವಾಸನೆ ಬೇರೆಯಾಗಿತ್ತು. ಅರ್ಧ ಗಂಟೆ ಬಿಟ್ಟು ಎತ್ತಿದರೆ ಚೊಂಬಿನ ತುಂಬ ಮೀನು! ಹೊಟ್ಟೆಯುಬ್ಬಿದ, ಬಣ್ಣ ಮಾಸಿದ ಪುಟಾಣಿಗಳು. ಕನ್ನಡಕ ಒರೆಸಿಕೊಂಡು ನೋಡಿದೆ, ಎಲ್ಲವೂ ಗಪ್ಪಿ.

ಹುಡುಗ ಚೊಂಬು ಇಸಿದುಕೊಂಡ. "ಇವು ಬೇಡ, ವಾಪಸ್ ಬಿಟ್ಟುಬಿಡಿ ದೊಡ್ಡಪ್ಪಯ್ಯ. ಸೊಳ್ಳೆ ಮರಿ ತಿನ್ನಲಿ ಅಂತ ಆಸ್ಪತ್ರೆಯವರು ಕೊಟ್ಟಿದ್ದು. ಹೋದ ವರ್ಷ ಅಮ್ಮನೇ ತಂದು ಬಿಟ್ಟಿದ್ದು."

ಅವನ ಅಮ್ಮ ನಮ್ಮೂರಿನ ಆಶಾ ಕಾರ್ಯಕರ್ತೆ.