ಧನ ದನವಾಗದ ಹಾಳೆ

ಕಿಸೆಪುಸ್ತಕವೆಂದರೆ ಅಂಗಿಯ ಕಿಸೆಯಲ್ಲಿ ಹಿಡಿಸುವ, ಬಗ್ಗಿದಾಗ ಜಾರಿ ಬೀಳದ, ನಿಂತಲ್ಲೇ ತೆಗೆದು ಬರೆಯಲು ಒದಗುವ ನೋಟುಬುಕ್ಕು. ಅಳತೆಯಲ್ಲಿ ಅದಕ್ಕೆ ಮುಖ್ಯವಾಗಿ ಮೂರು ಬಗೆ. 74×105 ಮಿ.ಮೀ.ನ ಎ7 ಯಾವ ಕಿಸೆಗೂ ಹೋಗುತ್ತದೆ; ಆದರೆ ಅದರ ಒಂದು ಸಾಲಿನಲ್ಲಿ ಕನ್ನಡದ ನಾಲ್ಕು ಪದ ಕೂತರೆ ಹೆಚ್ಚು. 105×148 ಮಿ.ಮೀ.ನ ಎ6 ಬರೆಯಲು ಸುಖ, ಕಿಸೆಯಿಂದ ಮಾತ್ರ ತಲೆ ಹೊರಹಾಕುತ್ತದೆ. ಇವೆರಡರ ನಡುವಿನ ಸುಮಾರು 90×140 ಮಿ.ಮೀ. ಅಳತೆಯದು ಅಂಗೈಯಲ್ಲೂ ನಿಲ್ಲುತ್ತದೆ, ಕಿಸೆಯಲ್ಲೂ ನಿಲ್ಲುತ್ತದೆ. ಅಳತೆ ಆರಿಸುವುದು ಸುಲಭದ ಕೆಲಸ. ಕಷ್ಟವಿರುವುದು ಹಾಳೆಯಲ್ಲಿ, ಅದೂ ಬರೆಯುವ ಕೈಯಲ್ಲಿ ಇಂಕುಪೆನ್ನು ಇದ್ದಾಗ.

ಬಾಲ್‌ಪೆನ್ನಿಗೆ ಹಾಳೆಯ ಗುಣ ನೋಡಬೇಕಾಗಿಲ್ಲ. ಅದರ ಮಸಿ ಎಣ್ಣೆಯ ಜಾತಿಯದು, ಮಂದ. ಕಾಗದದ ಮೇಲೆ ಅಂಟಿಕೊಂಡು ಕೂತುಬಿಡುತ್ತದೆ. ಇಂಕುಪೆನ್ನಿನ ಮಸಿಯಲ್ಲಿ ಬಹುಪಾಲು ನೀರು. ನಿಬ್ಬಿನ ಸೀಳಿನಲ್ಲಿ ಇಳಿದು ಬಂದ ಆ ನೀರು ಹಾಳೆ ಮುಟ್ಟಿದ ಕ್ಷಣವೇ ನಾರುಗಳ ಸಂದಿ ಹುಡುಕತೊಡಗುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಬಗೆಯಲ್ಲಿ. ಸಂದಿ ಸಿಕ್ಕಿದ ಕಡೆಗೆಲ್ಲ ಮಸಿ ಓಡಿದರೆ ಅಕ್ಷರದ ಅಂಚಿಗೆ ಕೂದಲು ಮೂಡುತ್ತದೆ. ಆಳಕ್ಕೆ ಓಡಿದರೆ ಹಾಳೆಯ ಬೆನ್ನಿಗೆ ಚುಕ್ಕೆ ಇಳಿಯುತ್ತದೆ. ಮೂರನೆಯದೊಂದಿದೆ: ಮಸಿ ಇಳಿದಿರುವುದಿಲ್ಲ, ಹಾಳೆ ತೆಳುವಾದ್ದರಿಂದ ಹಿಂದಿನ ಪುಟದ ಬರಹ ನೆರಳಿನಂತೆ ಕಾಣುತ್ತದೆ. ಮೊದಲೆರಡು ದೋಷ; ಮೂರನೆಯದನ್ನು ಕಣ್ಣು ಎರಡು ದಿನದಲ್ಲಿ ಮರೆಯುತ್ತದೆ.

ಕಾಗದದ ಈ ದಾಹಕ್ಕೆ ಕಡಿವಾಣ ಬೀಳುವುದು ಅದು ತಯಾರಾಗುವಾಗಲೇ. ನಮ್ಮ ದೇಶದ ಹಳೆಯ ಕೈಕಾಗದಕ್ಕೆ ಅಕ್ಕಿಗಂಜಿ ಬಳಿದು, ಒಣಗಿಸಿ, ನುಣುಪುಗಲ್ಲಿನಿಂದ ತಿಕ್ಕುತ್ತಿದ್ದರು. ಪಂಚೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ. 1807ರಲ್ಲಿ ಜರ್ಮನಿಯ ಮೊರಿಟ್ಜ್ ಇಲಿಗ್ ಮರದ ರಾಳ ಮತ್ತು ಪಟಿಕವನ್ನು ತಿರುಳಿಗೇ ಬೆರೆಸುವ ವಿಧಾನ ಪ್ರಕಟಿಸಿದ ಮೇಲೆ ಗಿರಣಿಗಳು ಅದನ್ನು ಹಿಡಿದವು. ಈಗ ರಾಳದ ಬದಲು ರಾಸಾಯನಿಕಗಳೂ ಬಂದಿವೆ, ಮೇಲ್ಮೈಗೆ ಗಂಜಿಯ ಲೇಪವೂ ಇರುತ್ತದೆ. ಏನನ್ನೂ ಬೆರೆಸದೆ ಬಿಟ್ಟ ಕಾಗದವೇ ಮಸಿ ಹೀರುವ ಬ್ಲಾಟಿಂಗ್ ಪೇಪರ್. ಪ್ರತಿಯೊಂದು ನೋಟುಬುಕ್ಕಿನ ಹಾಳೆಯೂ ಬ್ಲಾಟಿಂಗ್ ಪೇಪರಿಗೂ ಗಾಜಿಗೂ ನಡುವೆ ಎಲ್ಲೋ ಒಂದು ಕಡೆ ನಿಂತಿರುತ್ತದೆ. ಎಲ್ಲಿ ನಿಂತಿದೆ ಎಂದು ಕಂಡುಕೊಳ್ಳುವುದೇ ಆಯ್ಕೆ.

ಕನ್ನಡದಲ್ಲಿ ಬರೆಯುವವರಿಗೆ ಈ ವಿಷಯದಲ್ಲಿ ಒಂದು ಹೆಚ್ಚಿನ ತಾಪತ್ರಯವಿದೆ. ಇಂಗ್ಲಿಷಿನ ಅಕ್ಷರ ಕೊಂಚ ದಪ್ಪಗಾದರೂ ಓದಿಗೆ ಸಿಗುತ್ತದೆ. ಕನ್ನಡದ ಅರ್ಥವೋ ಎಷ್ಟೋ ಕಡೆ ಕೂದಲೆಳೆಯ ಒಂದು ಗೀಟಿನ ಮೇಲೆ ನಿಂತಿದೆ. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸ ಶಾಲೆಯಲ್ಲಿ ಹೇಳಿಕೊಡುವ ‘ಹೊಟ್ಟೆ ಸೀಳು’ ಮಾತ್ರ. ಮಸಿ ಹರಡಿದರೆ ಆ ಸೀಳು ಮುಚ್ಚಿಕೊಳ್ಳುತ್ತದೆ. ದೇವಸ್ಥಾನಕ್ಕೆ ಕೊಟ್ಟ ಧನಸಹಾಯ ದನಸಹಾಯವಾಗುತ್ತದೆ. ಥಕಾರದ ಹೊಟ್ಟೆಯೊಳಗಿನ ಚುಕ್ಕೆ ಉಬ್ಬಿ ಹೊಟ್ಟೆಯನ್ನೇ ತುಂಬುತ್ತದೆ. ‘ರಾಷ್ಟ್ರ’ ಬರೆದರೆ ಷಕಾರದ ಕೆಳಗೆ ಟಕಾರದ ಒತ್ತು, ಅದರ ಪಕ್ಕದಲ್ಲಿ ರಕಾರದ ಒತ್ತು; ಇವೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಆದ್ದರಿಂದ ನಿಬ್ಬು ಸಪೂರವಿರಬೇಕು. ಒಂದೇ ‘ಫೈನ್’ ಎಂಬ ಹೆಸರಿನಲ್ಲಿ ಜಪಾನಿನ ನಿಬ್ಬು ಯುರೋಪಿನದಕ್ಕಿಂತ ಸಾಮಾನ್ಯವಾಗಿ ತೆಳ್ಳಗಿರುತ್ತದೆ. ಕನ್ನಡಕ್ಕೆ ಅದೇ ಒಗ್ಗುತ್ತದೆ. ಸಾಲಿನ ಅಂತರವೂ 7 ಮಿ.ಮೀ. ಆಸುಪಾಸು ಇರಲಿ. ಅದಕ್ಕಿಂತ ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಜಗಳವಾಡುತ್ತದೆ. ಗೀಟೇ ಇಲ್ಲದ ಹಾಳೆಯಾದರೆ ಕೈಗೆ ತಕ್ಕ ಅಂತರ ತಾನಾಗಿ ಸಿಗುತ್ತದೆ.

ದಪ್ಪ ಹಾಳೆಯೇ ಒಳ್ಳೆಯ ಹಾಳೆ ಎಂಬ ನಂಬಿಕೆ ಅಂಗಡಿಗಳಲ್ಲಿ ಬೇರೂರಿದೆ. ದಪ್ಪವನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ, ಅಂದರೆ ಜಿಎಸ್ಎಂ ಲೆಕ್ಕದಲ್ಲಿ ಹೇಳುತ್ತಾರೆ. ಶಾಲೆಯ ನೋಟುಬುಕ್ಕುಗಳಲ್ಲಿ ಸಾಮಾನ್ಯವಾಗಿ 54ರಿಂದ 60, ಜೆರಾಕ್ಸ್ ಹಾಳೆಯಲ್ಲಿ 70ರಿಂದ 80. ಆದರೆ ಈ ಸಂಖ್ಯೆ ಹೇಳುವುದು ತೂಕವನ್ನು, ದಾಹವನ್ನಲ್ಲ. ಇಂಕುಪೆನ್ನಿನವರು ಹಾಡಿಹೊಗಳುವ ಜಪಾನಿನ ತೊಮೊಯೆ ರಿವರ್ ಕಾಗದ 52 ಜಿಎಸ್ಎಂನದು, ಈರುಳ್ಳಿ ಸಿಪ್ಪೆಯಷ್ಟು ತೆಳು. ಆದರೂ ಅದರಲ್ಲಿ ಮಸಿ ಹರಡುವುದಿಲ್ಲ. ನಾರು ಯಾವುದು, ಎಷ್ಟು ಒತ್ತಿ ನಯಮಾಡಿದ್ದಾರೆ, ಲೇಪ ಎಷ್ಟು ಎಂಬುದೇ ಮುಖ್ಯ. ಉತ್ತರ ಕನ್ನಡದವರಿಗೆ ಈ ಮಾತು ದೂರದ್ದಲ್ಲ. 1955ರಲ್ಲಿ ದಾಂಡೇಲಿಯಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಗಿರಣಿ ಈ ಜಿಲ್ಲೆಯ ಕಾಡಿನ ಬಿದಿರಿನಿಂದಲೇ ಕಾಗದ ಮಾಡಿತು. ಬಿದಿರು ಕಡಿಮೆಯಾದಂತೆ ನೆಟ್ಟು ಬೆಳೆಸಿದ ಮರಗಳು ಬಂದವು. ಬಿದಿರಿನ ನಾರು ಉದ್ದ, ಹಾಳೆಗೆ ಗಟ್ಟಿತನ ಕೊಡುತ್ತದೆ. ನೀಲಗಿರಿಯಂಥ ಮರದ ನಾರು ಗಿಡ್ಡ, ಹಾಳೆಗೆ ನುಣುಪು ಕೊಡುತ್ತದೆ.

ಇಷ್ಟು ಯಾವ ಊರಿಗೂ ಸಲ್ಲುವ ಮಾತು. ಮಂಕಿಯಲ್ಲಿ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊನ್ನಾವರ ತಾಲೂಕಿನ ಈ ಊರು ಕಡಲಿಗೂ ಘಟ್ಟಕ್ಕೂ ನಡುವಿನ ಪಟ್ಟಿಯಲ್ಲಿದೆ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಸೀಮೆ. ಆಷಾಢದಲ್ಲಿ ಕರಿದಿಟ್ಟ ಹಪ್ಪಳ ಬಾಳೆಯೆಲೆ ಹಾಕುವಷ್ಟರಲ್ಲಿ ಮೆತ್ತಗಾಗುತ್ತದೆ, ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ. ಕಾಗದವೂ ಹಪ್ಪಳದ ಹಾಗೆಯೇ ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಚೊಕ್ಕವಾಗಿ ಬರೆಸಿಕೊಂಡ ಅಗ್ಗದ ಹಾಳೆ ಮಳೆಗಾಲದಲ್ಲಿ ಕೂದಲು ಬಿಡುವುದು ಇದರಿಂದಲೇ.

ಹಾಗಾದರೆ ಮಸಿ ಹೀರದ, ಗಾಜಿನಂಥ ಹಾಳೆಯೇ ಮದ್ದು ಎನಿಸಬಹುದು. ಆದರೆ ಹಾಳೆ ಕುಡಿಯದ ಮಸಿಯನ್ನು ಗಾಳಿ ಕುಡಿಯಬೇಕು. ಮಂಕಿಯ ಗಾಳಿ ನಾಲ್ಕು ತಿಂಗಳು ಹೊಟ್ಟೆ ತುಂಬಿಸಿಕೊಂಡೇ ಇರುತ್ತದೆ. ಮೇಜಿನ ಮೇಲಿನ ಪುಸ್ತಕವನ್ನು ತೆರೆದಿಟ್ಟು ಕಾಯಬಹುದು. ಕಿಸೆಪುಸ್ತಕಕ್ಕೆ ಆ ಪುರಸೊತ್ತಿಲ್ಲ. ಮೀನಿನ ಹರಾಜಿನ ದರವೋ, ಅಡಿಕೆ ಕೊಯ್ಯುವ ಕೊನೆಗೌಡರಿಗೆ ಕೊಡಬೇಕಾದ ಮಜೂರಿಯೋ, ತಾಳಮದ್ದಳೆಯಲ್ಲಿ ಕಿವಿಗೆ ಬಿದ್ದ ಒಂದು ಚೆಂದದ ಮಾತೋ, ಗೀಚಿದ್ದೇ ತಡ ಪುಸ್ತಕ ಮುಚ್ಚಿ ಕಿಸೆಗೆ ಹಾಕಬೇಕು, ಬಸ್ಸು ಬಂದಿರುತ್ತದೆ. ಒಣಗದ ಸಾಲು ಎದುರು ಪುಟದಲ್ಲಿ ಕನ್ನಡಿಯ ಅಕ್ಷರವಾಗಿ ಅಚ್ಚಾಗುತ್ತದೆ. ಹೀಗಾಗಿ ಇಲ್ಲಿ ಎಲ್ಲಕ್ಕಿಂತ ದುಬಾರಿಯ ಹಾಳೆ ಎಲ್ಲಕ್ಕಿಂತ ಒಳ್ಳೆಯದಾಗುವುದಿಲ್ಲ. ಹೊಟ್ಟೆ ಸೀಳು ಮುಚ್ಚದಷ್ಟು ಬಿಗಿ, ಬಸ್ಸು ಹತ್ತುವಷ್ಟರಲ್ಲಿ ಒಣಗುವಷ್ಟು ಸಡಿಲ: ಈ ಮಧ್ಯಮ ಹಾಳೆಯೇ ಕರಾವಳಿಯ ಕಿಸೆಗೆ ಸರಿ.

ಮಸಿಯೂ ಇದಕ್ಕೆ ಹೊಂದಬೇಕು. ಪಾರ್ಕರ್ ಕಂಪನಿ 1931ರಲ್ಲಿ ತಂದ ಕ್ವಿಂಕ್ ಬೇಗ ಒಣಗುವ ಗುಣವನ್ನು ಹೆಸರಿನಲ್ಲೇ ಹೊತ್ತಿತ್ತು. ರಾಯಲ್ ಬ್ಲೂ ಮಸಿ ಅಂಗಿಗೆ ತಾಗಿದರೂ ತೊಳೆದರೆ ಹೋಗುತ್ತದೆ. ಅದೇ ಕಾರಣಕ್ಕೆ ಕೊಡೆಯಿಂದ ಬಿದ್ದ ಒಂದು ಹನಿಗೆ ಪುಟದಿಂದಲೂ ಹೋಗುತ್ತದೆ. ನೀರಿಗೆ ಜಗ್ಗದ ಮಸಿಯ ಗುಟ್ಟು ಹಿಂದಿನವರಿಗೆ ಗೊತ್ತಿತ್ತು: ಅಳಲೆಕಾಯಿಯ ಒಗರು, ಅನ್ನಭೇದಿಯ ಕಬ್ಬಿಣ ಎರಡೂ ಸೇರಿ ಕಪ್ಪಾಗಿ ನಾರನ್ನು ಕಚ್ಚಿಕೊಳ್ಳುತ್ತವೆ. ಕಬ್ಬಿಣದ ಅಂಶವಿರುವ ಇಂದಿನ ಬ್ಲೂ-ಬ್ಲ್ಯಾಕ್ ಮಸಿಗಳದೂ ಇದೇ ರಸಾಯನ. ಇಂಥ ಮಸಿ ತುಂಬಿದ ಪೆನ್ನನ್ನು ಆಗಾಗ ತೊಳೆಯಬೇಕು, ವಾರಗಟ್ಟಲೆ ಒಣಗಲು ಬಿಡಬಾರದು.

ಹೊಲಿಗೆಯ ವಿಷಯದಲ್ಲಿ ಉಪ್ಪುಗಾಳಿ ಎರಡು ಮಾತಿಗೆ ಅವಕಾಶ ಕೊಡುವುದಿಲ್ಲ. ಪಿನ್ನು ಹೊಡೆದ ಪುಸ್ತಕ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ನಡುಪುಟದಲ್ಲಿ ಕೆಂಪು ಕಲೆ ಬಿಡುತ್ತದೆ. ದಾರದಲ್ಲಿ ಹೊಲಿದದ್ದೇ ಬೇಕು. ಬರೀ ಅಂಟಿನಿಂದ ಕೂಡಿಸಿದ್ದು ತೇವಕ್ಕೆ ಹಾಳೆ ಉದುರಿಸುತ್ತದೆ. ತೆರೆದರೆ ಅಂಗಾತ ಮಲಗಬೇಕು, ಇಲ್ಲದಿದ್ದರೆ ಒಳ ಅಂಚಿನಲ್ಲಿ ನಿಬ್ಬು ವಾಲಿ ಮಸಿ ತಡವರಿಸುತ್ತದೆ. ಅಂಗಾತ ಮಲಗುವ ಗುಣದಲ್ಲಿ ಕಡತವನ್ನು ಮೀರಿಸಿದ್ದಿಲ್ಲ. ಬಟ್ಟೆಯ ಉದ್ದ ಪಟ್ಟಿಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಚಿ ಪುಸ್ತಕದಂತೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಸಾಧನ ಅದು. ವರ್ತಕರೂ ಶಾನುಭೋಗರೂ ಬಳಸುತ್ತಿದ್ದ ಇದನ್ನು ಮಾರ್ಕ್ ವಿಲ್ಕ್ಸ್ 1810ರ ತನ್ನ ಮೈಸೂರಿನ ಇತಿಹಾಸದಲ್ಲಿ ವರ್ಣಿಸಿದ್ದಾನೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಡತ ಮತ್ತೆ ಹೊಸದು. ಮಸಿ ಹರಡುವ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ.

ಅಂಗಡಿಯಲ್ಲಿ ಪರೀಕ್ಷೆಗೆ ಕೊನೆಯ ಪುಟವೇ ಜಾಗ. ಒಂದನ್ನು ಕೊಂಡು, ಅಲ್ಲೇ ನಿಂತು, ಸ್ವಂತ ಪೆನ್ನಿನಲ್ಲಿ ‘ಧನ, ಫಲ, ಕಥೆ, ರಾಷ್ಟ್ರ’ ಎಂದು ಬರೆಯಬೇಕು. ಹತ್ತು ಎಣಿಸಿ ಬೆರಳಿನಿಂದ ಒರೆಸಬೇಕು; ಮತ್ತೊಂದು ಸಾಲು ಬರೆದು ಇಪ್ಪತ್ತು ಎಣಿಸಿ ಒರೆಸಬೇಕು. ಆಮೇಲೆ ಹಾಳೆ ತಿರುಗಿಸಿ ಬೆನ್ನು ನೋಡಿ, ಅಲ್ಲೂ ಅದನ್ನೇ ಬರೆಯಬೇಕು. ಯಂತ್ರದಲ್ಲಿ ತಿರುಳು ತಂತಿಜಾಲದ ಮೇಲೆ ಹರಿದು ಹಾಳೆಯಾಗುವುದರಿಂದ ಜಾಲಕ್ಕೆ ತಾಗಿದ ಮುಖಕ್ಕೂ ಮೇಲಿನ ಮುಖಕ್ಕೂ ನಯದಲ್ಲಿ ಅಂತರವಿರುತ್ತದೆ. ನಡುವೆ ಎಲ್ಲಾದರೂ ಮಸಿ ಹಿಡಿಯದೆ ಜಾರಿದರೆ ದೋಷ ಹಾಳೆಯದೇ ಆಗಬೇಕೆಂದಿಲ್ಲ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈ ಅಲ್ಲಿ ಊರಿರಬಹುದು. ಈ ನಾಲ್ಕು ಪದಗಳಲ್ಲಿ ಪಾಸಾದರೆ ಅದೇ ಪುಸ್ತಕದ ಇನ್ನೊಂದೆರಡು ಪ್ರತಿ ಕೊಳ್ಳಬಹುದು. ಅವನ್ನು ಒಲೆಯ ಮೇಲಿನ ಅಟ್ಟದಲ್ಲೋ ಬಿಗಿ ಮುಚ್ಚಳದ ಡಬ್ಬಿಯಲ್ಲೋ ಇಟ್ಟರೆ ಬೂಸು ಹಿಡಿಯುವುದಿಲ್ಲ. ಕಿಸೆಯಲ್ಲಿರುವ ಪ್ರತಿಯೊಳಗೆ ಅದರದೇ ಅಳತೆಗೆ ಕತ್ತರಿಸಿದ ಬ್ಲಾಟಿಂಗ್ ಪೇಪರಿನ ತುಂಡೊಂದು ಇರಲಿ. ಗಾಳಿ ಕುಡಿಯದೆ ಬಿಟ್ಟದ್ದನ್ನು ಅದು ಕುಡಿಯುತ್ತದೆ.

ಕೊನೆಯ ತೀರ್ಪು ಮಳೆಗಾಲದ್ದು. ಬೇಸಿಗೆಯಲ್ಲಿ ಕೊಂಡ ಪುಸ್ತಕದ ಕೊನೆಯ ಪುಟದಲ್ಲಿ ಜುಲೈ ತಿಂಗಳ ಒಂದು ಜಡಿಮಳೆಯ ದಿನ ಅದೇ ನಾಲ್ಕು ಪದಗಳನ್ನು ಹಳೆಯ ಸಾಲಿನ ಕೆಳಗೆ ಮತ್ತೆ ಬರೆದು ನೋಡಬೇಕು. ಎರಡೂ ಸಾಲಿನಲ್ಲಿ ಧನ ಧನವಾಗಿಯೇ ಉಳಿದಿದ್ದರೆ ಮುಂದಿನ ವರ್ಷಕ್ಕೂ ಅದೇ ಪುಸ್ತಕ.