ಪಲ್ಲವಿ ಮುಟ್ಟಬೇಡಿ

ಶನಿವಾರ ಸಂಜೆ ಸವಳಂಗ ರಸ್ತೆಯ ಗದ್ದಲ ಇಳಿಯುವ ಹೊತ್ತಿಗೆ ಹಾರ್ಮೋನಿಯಂ ಮುಂದೆ ಕೂರುತ್ತೇನೆ. ಪಕ್ಕದಲ್ಲೊಂದು ನೋಟುಬುಕ್ಕು. ನಮ್ಮ ಚರ್ಚಿನ ಪೂಜೆಯಲ್ಲಿ ಯಾವ ಭಾನುವಾರ ಪ್ರವೇಶಕ್ಕೆ, ಕಾಣಿಕೆಗೆ, ಪರಮಪ್ರಸಾದಕ್ಕೆ ಯಾವ ಹಾಡು ಎಂಬ ಲೆಕ್ಕ ಅದರಲ್ಲಿದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಷ್ಟೇ ನಿಷ್ಠುರ.

ಮೊದಮೊದಲು ವೈವಿಧ್ಯವೆಂದರೆ ಹೊಸ ಹಾಡು ಎಂದುಕೊಂಡಿದ್ದೆ. ಒಂದು ಕ್ರಿಸ್‌ಮಸ್‌ಗೆ ಅಷ್ಟೂ ಹೊಸವನ್ನೇ ಕಲಿಸಿದೆ. ಗಾನವೃಂದ ಸೊಗಸಾಗಿ ಹಾಡಿತು. ಬೆಂಚಿನಲ್ಲಿದ್ದವರು ಕೈಕಟ್ಟಿ ಕೇಳಿದರು. ಕಛೇರಿಯಾಯಿತು, ಆರಾಧನೆಯಾಗಲಿಲ್ಲ. ಹೊರಗೆ ಅಜ್ಜಿಯೊಬ್ಬರು, “ನಮಗೆ ಒಂದಾದ್ರೂ ಬಿಡಬಾರದಿತ್ತೇನೋ?” ಅಂದರು.

ದಾರಿ ಸಿಕ್ಕಿದ್ದು ಗಮಕದಲ್ಲಿ. ತುಂಗೆಯ ದಡದ ಹೊಸಹಳ್ಳಿ ನಮಗೆ ದೂರವಲ್ಲ. ಅಲ್ಲಿನ ಗಮಕಿಗಳು ಕುಮಾರವ್ಯಾಸನ ಅದೇ ಭಾಮಿನಿ ಷಟ್ಪದಿಯನ್ನು ಯುದ್ಧಕ್ಕೊಂದು ರಾಗ, ಶೋಕಕ್ಕೊಂದು ರಾಗವೆಂದು ತಾಳದ ಹಂಗಿಲ್ಲದೆ ಹಾಡುತ್ತಾರೆ. ಪದ ಹಳೆಯದೇ, ಕೇಳಿದವನಿಗೆ ಅಂದೇ ಹುಟ್ಟಿದಂತೆ. ಇಂಥ ನಾಡಿನ ನಡೆಯನ್ನು ಕ್ರಿಸ್ತನ ಹಾಡಿಗೆ ತರುವ ಯೋಚನೆ ನನ್ನದೇ ಎಂದು ಬೀಗುವ ಹಾಗೂ ಇಲ್ಲ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಕಿಟ್ಟೆಲ್, 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ನೆಲದ ಛಂದಸ್ಸಿಗೇ ಇಳಿಸಿದ್ದರು. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಗೊತ್ತು. ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದ ಆ ಲಯದ ಕಿವಿಯೇ ನನಗೆ ಹೆಚ್ಚು ಪ್ರಿಯ.

ಈಗ ನಮ್ಮ ಕೀರ್ತನೆಯ ಪಲ್ಲವಿಯನ್ನು ನಾನು ಮುಟ್ಟುವುದಿಲ್ಲ. ಅದು ಜನರದು. ಚರಣದಲ್ಲಿ ಮಾತ್ರ ನನ್ನ ಆಟ: ಒಂದು ವಾರ ಮಗುವಿನ ಒಂಟಿ ದನಿ, ಇನ್ನೊಂದು ವಾರ ಗಂಡಸರ ಗುಂಪು, ಮತ್ತೊಮ್ಮೆ ತಬಲಾ ನಿಲ್ಲಿಸಿ ಗಮಕದ ನಡೆ. ಭದ್ರಾವತಿಯ ಕಾರ್ಖಾನೆ ಮನೆಗಳಿಂದ ಬರುವ ತಮಿಳು, ಮಲಯಾಳಂ ಗೆಳೆಯರು ತಮ್ಮ ಕಡೆಯ ತಿರುವುಗಳನ್ನೂ ಕೊಡುತ್ತಾರೆ. ಕೀಬೋರ್ಡಿನ ಗುಂಡಿ ಒತ್ತಿದರೆ ಬರುವ ಸಿದ್ಧ ತಾಳ ಮಾತ್ರ ಬೇಡ. ಮದುವೆ ಊಟದ ಹಾಲ್‌ನಲ್ಲಿ ಅದು ಸಾಕಷ್ಟಿದೆ.

ತಪಸ್ಸುಕಾಲ ಬಂದರೆ ಅಲ್ಲೆಲೂಯ ಇಲ್ಲ, ವಾದ್ಯವೂ ಹಾಡಿಗೆ ಊರುಗೋಲಾಗುವಷ್ಟೇ. ಪವಿತ್ರ ಗುರುವಾರದ ಮಹಿಮಾಗೀತೆ ಮುಗಿದರೆ ಪಾಸ್ಕ ಜಾಗರಣೆಯವರೆಗೆ ಗಂಟೆಯೂ ಮೌನ. ಆ ರಾತ್ರಿ ಗಂಟೆ, ಹಾರ್ಮೋನಿಯಂ, ಜನರ ಗಂಟಲು ಒಟ್ಟಿಗೆ ತೆರೆದುಕೊಳ್ಳುವಾಗ, ವರ್ಷವರ್ಷವೂ ಹಾಡಿದ್ದನ್ನೇ ಹಾಡುತ್ತಿದ್ದರೂ ನನ್ನ ಬೆರಳುಗಳು ನಡುಗುತ್ತವೆ.

ಈ ಭಾನುವಾರ ಚರಣಕ್ಕೆ ಶಿವರಂಜಿನಿ. ಬರುವವರು ಹತ್ತು ನಿಮಿಷ ಮೊದಲೇ ಬನ್ನಿ, ಪಲ್ಲವಿ ನಿಮ್ಮದು.